ಒಂಬತ್ತು ಲೀಟರಿನ ಪೆಟ್ಟಿಗೆ

ಬಂದರಿನಲ್ಲಿ ನನ್ನ ಕೆಲಸ ಪೆಟ್ಟಿಗೆ ಎಣಿಸುವುದು.
ನಲವತ್ತು ಅಡಿಯವು, ಇಪ್ಪತ್ತು ಅಡಿಯವು,
ತುಕ್ಕು ಹಿಡಿದವು, ಹೊಸ ಬಣ್ಣ ಬಳಿದುಕೊಂಡು ಬಂದವು.
ಒಳಗೇನಿದೆಯೆಂದು ಯಾರೂ ಹೇಳುವುದಿಲ್ಲ,
ನಾನೂ ಕೇಳುವುದಿಲ್ಲ.

ಈ ಪೆಟ್ಟಿಗೆಯ ಅಳತೆ ಮಾತ್ರ ಲೀಟರಿನಲ್ಲಿ,
ಹಾಲಿನ ಹಾಗೆ, ಸೀಮೆಎಣ್ಣೆಯ ಹಾಗೆ.
ಒಂಬತ್ತು ಲೀಟರ್ ಗಾಳಿ, ಸುತ್ತ ತೆಳು ತಗಡು.
ರಯೇನಳ ಶಾಲೆಚೀಲದೊಳಗೆ ಇಳಿಯಬೇಕು
ಸ್ವೆಟರಿಗೂ ಲೆಕ್ಕದ ಪುಸ್ತಕಕ್ಕೂ ನಡುವೆ.
ಏಕೆಂದರೆ ಒಂದು ವಾರ ಮಕ್ಕಳು ಇಲ್ಲಿ, ನನ್ನಕ್ಕನ ಬಳಿ,
ಮರುವಾರ ಎದುರು ಗುಡ್ಡದಲ್ಲಿ, ಅಪ್ಪನ ಬಳಿ;
ಇಳಿಯಲು ನೂರ ಅರವತ್ತೆರಡು ಮೆಟ್ಟಿಲು,
ಹತ್ತಲು ಇನ್ನೂರು ಚಿಲ್ಲರೆ.
ವಾಲ್ಪರೈಸೊದಲ್ಲಿ ಯಾವುದನ್ನೂ ನೋಡಿ ಕೊಳ್ಳಬಾರದು,
ಹೊತ್ತು ಕೊಳ್ಳಬೇಕು.

ಎರಡೂವರೆ ಲಕ್ಷ ಪೆಸೊ ತೆಗೆದಿಟ್ಟಿದ್ದೆ.
ಕೇಳಲು ದೊಡ್ಡದು. ಅಂಗಡಿಯ ಹುಡುಗ
ನಗಬಾರದೆಂದು ಕೆಮ್ಮಿದ.
ಹಾಗಾಗಿ ಹಳೆಯದರ ಬೆನ್ನು ಹತ್ತಿದೆ:
ಬಾಗಿಲು ಮುಚ್ಚಿದ ವಿಮಾ ಕಚೇರಿಯ ಪ್ರೊಸೆಸರ್,
ಮೆಮೊರಿಯ ಎರಡು ಕಡ್ಡಿ, ಒಂದು ಹಸಿರು, ಒಂದು ಕಪ್ಪು.
ಹೊಂದಿಕೊಂಡಾವು, ಅಂದ ಮಾರಿದವನು.
ಅಕ್ಕನ ಮದುವೆಯಲ್ಲೂ ಯಾರೋ ಇದೇ ಮಾತು ಅಂದಿದ್ದರು.
ಇವು ಹೊಂದಿಕೊಂಡವು.

ಗ್ರಾಫಿಕ್ಸ್ ಕಾರ್ಡು ಸಿಕ್ಕಿದ್ದು ಕಿಲ್ಪುವೆಯ ಒಬ್ಬನ ಗ್ಯಾರೇಜಿನಲ್ಲಿ.
ಎರಡು ವರ್ಷ, ಹಗಲೂ ರಾತ್ರಿ,
ಕಣ್ಣಿಗೆ ಕಾಣದ ನಾಣ್ಯ ಅಗೆಸಿದ್ದನಂತೆ ಅದರ ಕೈಲಿ.
ಗಣಿಯಿಂದ ಮೇಲೆ ಬಂದವರ ಹಾಗಿತ್ತು,
ಮೈತುಂಬ ಧೂಳು, ಗೊರಗುಟ್ಟುವ ಫ್ಯಾನು.
ನಮ್ಮ ತಾತ ತಾಮ್ರದ ಗಣಿಯಲ್ಲಿದ್ದರು;
ಬ್ರಷ್ಷಿನಿಂದ ಉಜ್ಜುವಾಗ ಅವರ ಬೆನ್ನು ನೆನಪಾಯಿತು.
ಹೊಲಿಗೆಯಂತ್ರದ ಎಣ್ಣೆ ಒಂದೇ ಒಂದು ಹನಿ ಬಿಟ್ಟು
ಇನ್ನು ಮೇಲೆ ಬರೀ ಆಟ, ಅಂದೆ ಅದಕ್ಕೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಕಾರ್ಡಿನ ಕಾಲು ಏಳು ಮಿಲಿಮೀಟರ್ ಹೊರಗೆ!
ಕಾಲು ಕತ್ತರಿಸುವಂತಿಲ್ಲ,
ಹಾಸಿಗೆಯನ್ನೇ ಅರದಿಂದ ತಿಕ್ಕಿದೆ, ಮೂರು ಸಂಜೆ,
ಕೆಳಮನೆಯ ದೋನ್ಯಾ ಎರ್ಮಿನಿಯಾ
ಕಿಟಕಿ ದಬಾರನೆ ಮುಚ್ಚುವವರೆಗೆ.

ಭಾನುವಾರ ಇಬ್ಬರನ್ನೂ ಕೂರಿಸಿಕೊಂಡೆ.
ರಯೇನಳಿಗೆ ಹನ್ನೊಂದು, ಓದಿ ಹೇಳುವವಳು.
ಗಾಸ್ಪಾರನಿಗೆ ಏಳು,
ಬಿಸ್ಕತ್ತಿನ ಮುಚ್ಚಳದಲ್ಲಿ ಸ್ಕ್ರೂ ಕಾಯುವವನು.
ಪ್ರೊಸೆಸರಿನ ಮೂಲೆಯ ಚಿನ್ನದ ತ್ರಿಕೋನವನ್ನು
ಬೋರ್ಡಿನ ತ್ರಿಕೋನಕ್ಕೆ ಹೊಂದಿಸುವ ಹೊತ್ತಿಗೆ
ಕಪಾಟಿನ ಲೋಟಗಳು ತಮ್ಮತಮ್ಮಲ್ಲೇ ಮಾತಾಡತೊಡಗಿದವು.
ಯಾರೂ ಏಳಲಿಲ್ಲ. ದೀಪ ನೋಡಿದೆವು.
ತೂಗಿತು, ಇನ್ನೊಮ್ಮೆ ತೂಗಿತು, ನಿಂತಿತು.
ಕಣ್ಣು ಕೆಳಗಿಳಿಸಿದರೆ, ಬೋರ್ಡಿನ ಮೇಲೆ
ನಾಲ್ಕು ಪುಟ್ಟ ಅಂಗೈಗಳ ಚಾವಣಿ.
"ಮೂರು ಪಾಯಿಂಟ್ ಎಂಟು," ಅಂದ ಗಾಸ್ಪಾರ್,
ನಾಡಿ ಹಿಡಿದ ವೈದ್ಯನ ಹಾಗೆ.

ಗುಂಡಿ ಒತ್ತಿದೆ. ಏನೂ ಆಗಲಿಲ್ಲ.
ಇನ್ನೊಮ್ಮೆ ಒತ್ತಿದೆ. ಏನೂ ಇಲ್ಲ.
ಎರಡೂವರೆ ಲಕ್ಷ, ಮೂರು ಸಂಜೆ, ತಾತನ ಬೆನ್ನು.
ರಯೇನ್ ಎದ್ದು ಹಿಂದಕ್ಕೆ ಹೋಗಿ
ಅಲ್ಲೊಂದು ಸಣ್ಣ ಸ್ವಿಚ್ಚು ಒತ್ತಿ
ಏನೂ ಹೇಳದೆ ಬಂದು ಕೂತಳು.
ಅಷ್ಟು ದೊಡ್ಡವಳಾಗಿದ್ದಾಳೆ.

ಅವರ ಆಟ ನನಗೆ ಅರ್ಥವಾಗುವುದಿಲ್ಲ:
ಹಿಮದ ಮೇಲೊಂದು ನರಿ ಓಡುತ್ತದೆ, ಅದಕ್ಕೆ ದೀಪಗಳು ಬೇಕು.
ನನ್ನ ಕೈಗೂ ಒಮ್ಮೆ ಕೊಟ್ಟರು.
ನರಿ ಕಣಿವೆಗೆ ಬಿತ್ತು. ಇಬ್ಬರೂ ಸೇರಿ ಬೈದರು,
ಎಷ್ಟೋ ತಿಂಗಳ ಮೇಲೆ ಇಬ್ಬರೂ ಸೇರಿ.

ಶುಕ್ರವಾರ ಚೀಲ ಹೊತ್ತು ಇಳಿದು ಹೋದರು.
ತಿರುವಿನಲ್ಲಿ ರಯೇನ್ ಚೀಲವನ್ನು ಎದೆಯ ಕಡೆಗೆ ತಿರುಗಿಸಿಕೊಂಡಳು,
ಕೂಸನ್ನು ಎತ್ತಿಕೊಂಡವರ ಹಾಗೆ.
ಮೇಜಿನ ಮೇಲೆ ಧೂಳಿಲ್ಲದ ಚೌಕವೊಂದು ಉಳಿದಿತ್ತು;
ಅಕ್ಕ ಅದನ್ನು ಬಿಟ್ಟು ಸುತ್ತಲೂ ಒರೆಸಿದಳು.

ಸೋಮವಾರ ಬಂದರಿನ ಗೇಟಿನಲ್ಲಿ ಯಂತ್ರ ಕೂಗಿತು.
ಜೇಬು ಬರಿದುಮಾಡಿದರೆ, ಒಂದು ಸ್ಕ್ರೂ.
"ಎಲ್ಲಿಯದಿದು?" ಅಂದ ಕಾವಲಿನ ಎಲಿಸಿಯೊ.
ಗೊತ್ತಿಲ್ಲ, ಅಂದೆ.
ಅದಿಲ್ಲದೆಯೂ ನಡೆಯುತ್ತಿದೆ.