ಸುತ್ತಿಗೊಮ್ಮೆ

ಟಿಬಿಲಿಸಿಯ ಹಳೇ ವಠಾರದಲ್ಲಿ ಗುಟ್ಟೆಂಬುದಿಲ್ಲ.
ಮರದ ಮೊಗಸಾಲೆ, ಮರದ ಮೆಟ್ಟಿಲು, ಅಂಗಳಕ್ಕೆಲ್ಲ ಒಂದೇ ನಲ್ಲಿ;
ನಾನು ಸೀನಿದರೆ ಎದುರು ಮನೆಯವಳು ಆಯುಷ್ಯ ಹಾರೈಸುತ್ತಾಳೆ.
ಅಂಥಲ್ಲಿ ನನ್ನ ವಾಷಿಂಗ್ ಮೆಷಿನ್ನು
ಗುರುವಾರ ಗುರುವಾರ ಕಲ್ಲು ಅಗಿಯತೊಡಗಿತು.

ಕೆಳಗಿನ ಮನೆಯ ತಾರಿಯೆಲ್ ಪೊರಕೆಯ ಹಿಡಿಯಿಂದ
ತನ್ನ ಸೂರು ಕುಟ್ಟುವನು: ಎರಡು ಸಲ, ಬಿಟ್ಟು ಮತ್ತೊಂದು.
ಸಾಲದೆ ಅಂಗಳಕ್ಕೆ ಬಂದು, "ಎತೆರಿ! ಸತ್ತವರೂ ಎದ್ದಾರು!" ಎಂದು ಕೂಗಿ
ತಾನೇ ತುಟಿ ಕಚ್ಚಿಕೊಂಡು ಒಳಗೆ ಹೋಗುವನು.

ಗಂಡಸರು ಪಗಡೆಹಲಗೆ ಮುಚ್ಚಿ ಮೇಲೆ ಬಂದರು.
ಬೇರಿಂಗ್ ಹೋಗಿದೆ, ಎಂದ ಒಬ್ಬ, ಮುಟ್ಟದೆಯೇ.
ಮೋಟಾರು, ಎಂದ ಇನ್ನೊಬ್ಬ.
ಟ್ರಾಲಿಬಸ್ಸು ಓಡಿಸುತ್ತಿದ್ದ ಗೂರಮ್ ಕಾಲಿಂದೊಮ್ಮೆ ಒದ್ದು ನೋಡಿ
ಸದ್ದು ಇದರದಲ್ಲ, ಮನೆಯದು, ಎಂದ.
ಮನೆ ವಾಲಿರುವುದೇನೋ ನಿಜ; ಅಡುಗೆಮನೆಯಲ್ಲಿ ಬಿದ್ದ ಈರುಳ್ಳಿ
ಉರುಳುತ್ತ ಉರುಳುತ್ತ ತಾನೇ ಬಾಗಿಲಿಗೆ ಹೋಗಿ ನಿಲ್ಲುತ್ತದೆ.
ಮೂವರು ವೈದ್ಯರು, ಮೂರು ರೋಗ,
ದ್ರಾಕ್ಷಿಯ ಸಾರಾಯಿ ಒಂದು ಬಾಟಲಿ ಖಾಲಿ.

ಅವರು ಹೋದ ಮೇಲೆ ಪ್ಲಗ್ಗು ಕಿತ್ತೆ.
ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಾನು.
ಕೆಮ್ಮುವವನನ್ನು ಕೇಳಬಾರದು, ಕೆಮ್ಮನ್ನು ಕೇಳಬೇಕು.
ಬೀರುವಿನಿಂದ ಸ್ಟೆತಸ್ಕೋಪು ತೆಗೆದು ತಗಡಿನ ಬೆನ್ನಿಗಿಟ್ಟು
ಇನ್ನೊಂದು ಕೈಯಲ್ಲಿ ಖಾಲಿ ಡ್ರಮ್ಮನ್ನು ಮೆಲ್ಲಗೆ ತಿರುಗಿಸಿದೆ.

ಬೇರಿಂಗ್ ಸವೆದಿದ್ದರೆ ಸುತ್ತಿಡೀ ಗೊರಗುಡಬೇಕು,
ಉಬ್ಬಸದವರ ಹಾಗೆ, ಬಿಡುವಿಲ್ಲದೆ.
ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆ: ಗಟ್ಟಿ, ಎಳೆಯರ ಹಲ್ಲಿನ ಹಾಗೆ.
ಇದು ಬೇರೆ. ಸುಮ್ಮನೆ, ಸುಮ್ಮನೆ, ಸುಮ್ಮನೆ,
ಕರ್ರ್.
ಸುತ್ತಿಗೊಮ್ಮೆ. ಗಡಿಯಾರದ ಏಳರ ಹತ್ತಿರ.
ಇದು ಮುಪ್ಪಲ್ಲ,
ಗಂಟಲ ಮುಳ್ಳು.

ಕೆಳಗಿನ ಫಿಲ್ಟರು ಬಿಚ್ಚಿದರೆ
ಇಪ್ಪತ್ತು ತೆತ್ರಿಯ ಒಂದು ನಾಣ್ಯ, ಕೂದಲ ಉಂಡೆ. ಮುಳ್ಳಿಲ್ಲ.
ಬೆನ್ನಿನ ತಗಡಿಗೆ ಆರು ತಿರುಪು;
ಐದನೆಯದು ತುಕ್ಕು ಹಿಡಿದು ನನ್ನಿಂದ ಬೈಸಿಕೊಂಡೇ ಬಂತು.
ನೀರು ಕಾಯಿಸುವ ಕಾಯಿಲು: ವೈರುಗಳ ಜಾಗ ಮರೆಯದಿರಲೆಂದು
ಒಂದಕ್ಕೆ ನೀಲಿ ದಾರ ಕಟ್ಟಿ, ನಟ್ಟು ಸಡಿಲಿಸಿ,
ಸುಣ್ಣಗಟ್ಟಿದ ಅದನ್ನು ಹೆರಿಗೆಯಷ್ಟು ತಾಳ್ಮೆಯಿಂದ ಎಳೆದೆ.
ಒಂದು ಚೊಂಬು ಕಂದು ನೀರು ಮಡಿಲಿಗೆ.
ಆ ಕಿಂಡಿಯೊಳಗೆ ಎರಡು ಬೆರಳು, ಆಮೇಲೆ ಇಕ್ಕಳ.

ಬಂತು.
ಬಿದಿಗೆ ಚಂದ್ರನ ಹಾಗೆ ಬಾಗಿದ ತೆಳು ತಂತಿ,
ಹೆಂಗಸರ ಬ್ರಾದ ಅಡಿಯಲ್ಲಿರುತ್ತದಲ್ಲ, ಅದು.
ತುದಿಗಂಟಿದ ಎಳೆದಾರ ಗುಲಾಬಿ.
ನನ್ನದಲ್ಲ. ತಂತಿಯದು ತೊಡುವುದು ಬಿಟ್ಟು ಹತ್ತು ವರ್ಷ.
ಈ ಮನೆಯಲ್ಲಿ ಬೇರೆ ಹೆಂಗಸಿಲ್ಲ.

ಒದ್ದೆ ನೆಲದ ಮೇಲೆ ಕೂತು ಲೆಕ್ಕ ಹಾಕಿದೆ.
ಹೋದ ಚಳಿಗಾಲ. ಕೆಳಗೆ ಮಂಚ ಹಿಡಿದಿದ್ದ ಜುಜುನಾಳ
ಬಟ್ಟೆಯೆಲ್ಲ ಒಗೆದದ್ದು ನಾನೇ, ಇದರಲ್ಲೇ.
ಕೂರಲು ಆಗದಿದ್ದರೂ ಡಾಕ್ಟರು ಬರುವ ದಿನ
ಗುಲಾಬಿಯದನ್ನೇ ತೊಡಿಸು ಎನ್ನುವಳು, ಹಟಮಾರಿ.
ತಾರಿಯೆಲ್ ಬುಟ್ಟಿ ಹೊತ್ತು ಮೇಲೆ ಬರುವನು, ಕಣ್ಣೆತ್ತದೆ.
ಇಷ್ಟು ತಿಂಗಳು ತಳದಲ್ಲಿ ಮಲಗಿದ್ದು
ಈಗೇಕೆ ಮೈಮುರಿಯಿತೋ.

ಕಾಯಿಲಿನ ರಬ್ಬರಿಗೆ ಸೋಪು ಸವರಿ ಕೂರಿಸಿದೆ. ನಟ್ಟು ಬಿಗಿದೆ.
ಗೂರಮನ ಮಾತೂ ಪೂರ್ತಿ ಸುಳ್ಳಲ್ಲವೆಂದು
ಮೆಷಿನ್ನಿನ ಮುಂದಿನ ಎಡಗಾಲನ್ನು ಒಂದೂವರೆ ಸುತ್ತು ಎತ್ತರಿಸಿದೆ.
ನೆತ್ತಿಯ ಮೇಲೆ ಒಂದು ಲೋಟ ನೀರಿಟ್ಟು, ಬಟ್ಟೆ ಹಿಂಡಲು ಬಿಟ್ಟರೆ
ನೀರು ನಡುಗಿತು, ಚೆಲ್ಲಲಿಲ್ಲ.

ಗುರುವಾರ.
ನಿದ್ದೆಯಲ್ಲಿ ಉಸಿರಾಡುವವರ ಹಾಗೆ ಮೆಷಿನ್ನು.
ಪೊರಕೆಯ ಸದ್ದಿಲ್ಲ. ಮೆಟ್ಟಿಲು ಕಿರುಗುಟ್ಟಿತು.
ಬಾಗಿಲಲ್ಲಿ ತಾರಿಯೆಲ್, ಟೊಪ್ಪಿ ಕೈಯಲ್ಲಿ.
"ಇವತ್ತು ಒಗೆಯಲಿಲ್ಲವಾ?"
"ಒಗೀತಾ ಇದೆ. ಕೇಳು."
ಕೇಳಿದ. ಬಹಳ ಹೊತ್ತು ನಿಂತು ಕೇಳಿದ.
"ಏನಾಗಿತ್ತು?"
ಮೇಜಿನ ಖಾನೆಯಲ್ಲಿ, ಬೆಂಕಿಪೊಟ್ಟಣದ ಪಕ್ಕ, ಒರೆಸಿ ಇಟ್ಟಿದ್ದೆ.
"ನಾಣ್ಯ," ಎಂದೆ. "ಇಪ್ಪತ್ತು ತೆತ್ರಿ."

ತಲೆದೂಗಿ ಇಳಿದು ಹೋದ.
ಹೋದವನು, ನಾನು ಬಟ್ಟೆ ಹರವುವಾಗ,
ತನ್ನ ಸೂರು ಕುಟ್ಟಿದ, ಮೆಲ್ಲಗೆ:
ಎರಡು ಸಲ, ಬಿಟ್ಟು
ಮತ್ತೊಂದು.