ಗುಂಡಿ ತಪ್ಪಿದ ಕೋಟು

ನೀವು ಮುಂದಿನಿಂದ ನೋಡುತ್ತೀರಿ.
ನಾನು ಹಿಂದಿನಿಂದ:
ಪಿನ್ನು, ಕತ್ತರಿಸದ ದಾರದ ಬಾಲ,
ಬೆನ್ನಿಗೆ ಅಂಟಿಸಿದ ಟೇಪು,
ಬೂಟಿನ ಅಡಿಗೆ ಸೀಮೆಸುಣ್ಣದಲ್ಲಿ ಬರೆದ ನಂಬರು.

ಟ್ಬಿಲಿಸಿಯಲ್ಲಿ ಮೇ ತಿಂಗಳು. ಹಳೆಯ ರೇಷ್ಮೆ ಗಿರಣಿ.
ಹದಿನೇಳು ವರ್ಷ ಬಿಸಿನೀರಲ್ಲಿ ಕೈಯಿಟ್ಟು
ನಾನು ಗೂಡು ಬಿಚ್ಚಿದ ಅದೇ ಹಜಾರದಲ್ಲಿ
ಈಗ ಬಿಳಿಯ ಹಾದಿ, ಎರಡೂ ಕಡೆ ಬೆಂಚು.
ಕೆಲಸ ಇಷ್ಟೆ: ತೊಡಿಸುವುದು, ಕಳಚುವುದು, ಮತ್ತೆ ತೊಡಿಸುವುದು.
ಒಬ್ಬಳಿಗೆ ನಲವತ್ತು ಸೆಕೆಂಡು.

ಅಭಿಪ್ರಾಯ ಯಾರೂ ಕೇಳಲಿಲ್ಲ. ಕೇಳದಿದ್ದರೂ ಇದೆ.

ಮೊದಲ ದಿನದ್ದು ನನಗೆ ಹಿಡಿಸಲಿಲ್ಲ.
ಇಪ್ಪತ್ತೆಂಟು ಬೂದು, ಕೊನೆಗೊಂದು ಕೆಂಪು.
ಅಷ್ಟೂ ಹೊತ್ತು ಉಪ್ಪಿಲ್ಲದ ಗಂಜಿ ಕುಡಿಸಿ
ಕೈತೊಳೆಯುವಾಗ ಮೆಣಸಿನಕಾಯಿ ಕೊಟ್ಟ ಹಾಗೆ.
ಇನ್ನೊಬ್ಬ ಪ್ಲಾಸ್ಟಿಕ್ ಹಾಳೆ ಸುತ್ತಿ ಕಳಿಸಿದ,
ಒಳಗೆ ಹುಡುಗಿಯರು ಬೇಯುತ್ತಿದ್ದರು.
ಅದಕ್ಕೆ ಅವನಿಟ್ಟ ಹೆಸರು ‘ಉಸಿರು’.

ದಾರೆಜನಳ ರೇಷ್ಮೆ ಮಾತ್ರ, ಅಬ್ಬ!
ಹುಡುಗಿ ತಿರುಗಿ ನಿಂತ ಮೇಲೂ
ಅಂಚು ಇನ್ನೊಂದು ಗಳಿಗೆ ತಿರುಗುತ್ತಲೇ ಇತ್ತು,
ಎದ್ದುಹೋದವರ ಮಾತು ಕೋಣೆಯಲ್ಲಿ ಉಳಿದ ಹಾಗೆ.
ಮುಟ್ಟಿದ ಕೂಡಲೆ ಬೆರಳಿಗೆ ಗೊತ್ತಾಯಿತು, ನಮ್ಮ ನೂಲಲ್ಲ.
ನಮ್ಮದು ಇಷ್ಟು ಸಾಧುವಲ್ಲ,
ಸ್ವಲ್ಪ ಜಗಳಗಂಟಿ.

ಮೂರನೆಯ ದಿನ ಗೆಗಾ.
ತೊಂಬತ್ತೆಂಟರಲ್ಲಿ ಹುಟ್ಟಿದವನು.
ಅವನ ಸಂಗ್ರಹಕ್ಕೆ ‘ಕರೆಂಟಿಲ್ಲದ ವರ್ಷಗಳು’ ಎಂದು ಹೆಸರು.
ಸ್ವೆಟರಿನ ಮೇಲೆ ಸ್ವೆಟರು, ಅದರ ಮೇಲೆ ಯಾರದೋ ಅಪ್ಪನ ಕೋಟು,
ಕುತ್ತಿಗೆಗೆ ಕಿಟಕಿಯ ಪರದೆ.
ಸೀಮೆಎಣ್ಣೆಯ ವಾಸನೆಯನ್ನೂ ಸೀಸೆಯಲ್ಲಿ ತರಿಸಿ
ಹಾದಿಯುದ್ದಕ್ಕೂ ಸಿಂಪಡಿಸಿದ್ದ.

ನಗು ಬಂತು. ಆಮೇಲೆ ಮೂಗು ಉರಿಯಿತು.
ಆ ಚಳಿಗಾಲ ನೆಲದ ಹಲಗೆ ಕಿತ್ತು ಒಲೆಗಿಟ್ಟವರು ನಾವು.
ರಾತ್ರಿ ಮೂರಕ್ಕೆ ಬ್ರೆಡ್ಡಿನ ಸಾಲಿನಲ್ಲಿ
ಯಾರು ಯಾರೆಂದು ಗೊತ್ತಾಗುತ್ತಿದ್ದದ್ದು
ಬಟ್ಟೆಯಿಂದಲ್ಲ, ಕೆಮ್ಮಿನಿಂದ.

ಕೊನೆಯ ಕೋಟು ಬರ್ಬಾರೆಗೆ. ಅವಳಿಗೆ ಹತ್ತೊಂಬತ್ತು.
“ಬೆಬೋ, ನಿಜವಾಗಿಯೂ ಹೀಗೇ ತೊಡುತ್ತಿದ್ದಿರಾ?”
“ಕನ್ನಡಿ ಇತ್ತು ಮಗಳೆ. ಬೆಳಕಿರಲಿಲ್ಲ.”
ಬಾಯಿ ಮಾತಾಡುತ್ತಿತ್ತು,
ಬೆರಳು ತಮ್ಮ ಪಾಡಿಗೆ ತಾವು ಗುಂಡಿ ಹಾಕಿದವು,
ಮೇಲಿಂದ ಕೆಳಗೆ, ಆರಕ್ಕೆ ಆರು.
ಪರದೆ ಸರಿಯಿತು, ಅವಳು ಹೋದಳು.

ಆಗ ಗೋಡೆಯ ಮೇಲಿನ ಚಿತ್ರ ಕಂಡೆ:
ಇಪ್ಪತ್ತನಾಲ್ಕನೆಯ ಉಡುಪು.
ಗುಂಡಿಗಳೆಲ್ಲ ಒಂದೊಂದು ಕಾಜಾ ಕೆಳಗೆ,
ಎಡದ ಕಾಲರು ಕಿವಿಗೆ, ಬಲದ ಅಂಚು ಜೋತು.
ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿತ್ತು:
ತಪ್ಪಿಸಿಯೇ ಹಾಕಿ.

ಹೊರಗೆ ಚಪ್ಪಾಳೆ. ಅವರಿಗೇನು ಗೊತ್ತು.
ಗೆಗಾ ಒಳಗೆ ಬಂದ, ಕೈಯಲ್ಲಿ ಹೂವು, ಮುಖ ಸುಣ್ಣ.
“ಯಾರು ಹಾಕಿದ್ದು?”
“ನಾನೇ.”
“ಅಮ್ಮ ಹೇಳುತ್ತಿದ್ದಳು. ಆ ಕತ್ತಲಲ್ಲಿ
ಎಲ್ಲರ ಗುಂಡಿಯೂ ತಪ್ಪಿರುತ್ತಿತ್ತಂತೆ. ಇಡೀ ಸಂಗ್ರಹ
ನಿಂತಿದ್ದೇ ಅದರ ಮೇಲೆ.”

ಹೌದಪ್ಪ, ತಪ್ಪಿರುತ್ತಿತ್ತು.
ಬೆಳಕು ಹರಿಯುತ್ತ ಸಾಲಿನಲ್ಲಿ ಯಾರೋ ನೋಡುತ್ತಿದ್ದರು,
ಹೆಸರು ಗೊತ್ತಿಲ್ಲದವರು.
ಕೈಗವಸು ಕಳಚಿ ಹಲ್ಲಲ್ಲಿ ಕಚ್ಚಿಕೊಂಡು
ಒಂದೊಂದೇ ಬಿಚ್ಚಿ, ಒಂದೊಂದೇ ಸರಿಯಾಗಿ ಹಾಕಿ
ಮತ್ತೆ ತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದರು.
ಅದನ್ನು ನಿಮ್ಮಮ್ಮ ಹೇಳಲಿಲ್ಲವೆ?

ಅವನು ಏನೋ ಅನ್ನಲು ಹೊರಟ.
ಕ್ಯಾಮೆರಾದವರು ಕರೆದರು, ಹೋದ.
ಹೂವನ್ನು ಇಸ್ತ್ರಿ ಮೇಜಿನ ಮೇಲೆ ಬಿಟ್ಟುಹೋದ,
ಮರೆತೋ, ಕೊಟ್ಟೋ. ನಾನು ಮುಟ್ಟಲಿಲ್ಲ.

ಹ್ಯಾಂಗರು ಎಣಿಸಿದೆ. ಒಂದು ಕಡಿಮೆ ಬಂತು.
ಮತ್ತೆ ಎಣಿಸಿದೆ.
ಬರ್ಬಾರೆ ಮುಖದ ಬಣ್ಣ ಒರೆಸಿಕೊಂಡು
ತನ್ನದೇ ಜಾಕೆಟ್ಟು ಹಾಕಿಕೊಂಡು
ನನ್ನೆದುರು ಬಂದು ನಿಂತಳು, ಕತ್ತೆತ್ತಿ, ಸುಮ್ಮನೆ.
ಕೈ ಚಾಚಿದೆ.
ಅದಕ್ಕಿದ್ದದ್ದು ಜಿಪ್ಪು.