ಏಳು ಗುಂಡು

ಮೊದಲನೇ ಮನೆಯಲ್ಲಿ ಸಿಗುವುದು ಚಾಕು ಒಂದೇ.
ಅದೂ ಮೊಂಡು. ಅಡಿಗೆಮನೆ ಮೇಜಿನ ಮೇಲೆ,
ಯಾರೋ ಈರುಳ್ಳಿ ಅರ್ಧ ಹೆಚ್ಚಿ ಎದ್ದುಹೋದ ಹಾಗೆ.
ಲೋಹಿತ ಅದನ್ನು ಮುಟ್ಟುವುದೇ ಇಲ್ಲ.
‘ಬಿಡಕ್ಕ, ಮುಂದೆ ಗನ್ನು ಸಿಗತ್ತೆ’ ಅಂತಾನೆ.
ಹದಿನಾಲ್ಕು ತುಂಬಿಲ್ಲ ಇನ್ನೂ. ಮುಂದೆ ಸಿಗತ್ತೆ ಅನ್ನುವ ವಯಸ್ಸು.

ನಾನು ಆಡಿದರೆ ಎತ್ತಿಕೊಳ್ಳುತ್ತೇನೆ.
ಚೀಲಕ್ಕೆ ಎಂಟೇ ಮನೆ, ಚೌಕಾಬಾರದ ಲೆಕ್ಕ:
ಪಿಸ್ತೂಲಿಗೆ ಒಂದು, ಅದರ ಗುಂಡಿಗೆ ಒಂದು,
ಗಾಯಕ್ಕೆ ಹಚ್ಚುವ ಸೊಪ್ಪಿಗೆ ಒಂದು,
ಯಾವ ಬೀಗದ್ದೋ ಗೊತ್ತಿಲ್ಲದ ಕೀಲಿಕೈಗೆ ಒಂದು.
ಜೋಡುನಳಿಗೆ ಕೋವಿ ಮಾತ್ರ ಎರಡು ಮನೆ ಹಿಡಿದು
ಉದ್ದಕ್ಕೆ ಮಲಗತ್ತೆ,
ಮದುವೆಗೆ ಮೂರು ದಿನ ಮೊದಲೇ ಬಂದ ದೊಡ್ಡಪ್ಪನ ಹಾಗೆ.
ಎಬ್ಬಿಸುವಂತಿಲ್ಲ, ಬಿಟ್ಟುಹೋಗುವಂತಿಲ್ಲ.

ತಲೆಗೆ ಗುರಿ ಇಡಬೇಡ ಕಣೋ, ಮಂಡಿಗೆ ಇಡು.
ಹತ್ತಿರ ಬರಲಿ. ಇನ್ನೂ. ಅದರ ಹಲ್ಲು ಎಣಿಸುವಷ್ಟು.
ಮಂಡಿಗೆ ಒಂದು ಕೊಟ್ಟರೆ ಬೀಳತ್ತೆ,
ಬಿದ್ದಮೇಲೆ ಚಾಕು.
ಓಣಿ ಅಗಲವಿದ್ದರೆ ಅದೂ ಬೇಡ, ಪಕ್ಕದಲ್ಲಿ ಓಡಿ
ಬಾಗಿಲು ಹಾಕಿಕೋ. ಆ ದೆವ್ವಗಳಿಗೆ
ಚಿಲಕ ತೆಗೆಯಲು ಬರುವುದಿಲ್ಲ.

ಚಿಂತಾಮಣಿ ಸಂತೆಪೇಟೆಯಲ್ಲಿ ಕೊಂಡ ಹಳೇ ಪೆಟ್ಟಿಗೆ,
ಬಲಗಡೆಯ ಗುಂಡಿ ಒತ್ತಿದರೆ ಒಮ್ಮೊಮ್ಮೆ ಅಂಟಿಕೊಳ್ಳುತ್ತದೆ,
ಒಂದು ಗುಂಡು ಹೊಡೆ ಅಂದರೆ ಮೂರು ಹೊಡೆಯುತ್ತದೆ.
ಹಾಗಾಗಿ ನಮ್ಮ ಮನೆಯಲ್ಲಿ ಜಿಪುಣತನ ಜಾಸ್ತಿ.

ನೆಲಮಾಳಿಗೆಗೆ ಇಳಿದಾಗ ಹನ್ನೊಂದು ದಾಟಿತ್ತು.
ಗೋಡೆಯೆಲ್ಲ ಬಿಳಿ ಎಳೆ. ಸೂರಿನಿಂದ
ಆಳುದ್ದದ ಗಂಟುಗಳು ಇಳಿಬಿದ್ದಿವೆ,
ಒಂದು ಅಲುಗಾಡಿತು.
ಲೋಹಿತ ಜೋಡುನಳಿಗೆ ಎತ್ತಿ ಹೊಡೆದೇ ಹೊಡೆದ.
ಎಳೆ ಸೀಸವನ್ನು ನುಂಗಿಕೊಂಡಿತು, ಹಸಿದ ಹಾಗೆ.
‘ಸಾಯ್ತಿಲ್ಲ ಅಕ್ಕ!’

ಸಾಯಲ್ಲ. ಅದು ಗೂಡು.
ಬೆಳಗ್ಗೆ ಏಳರಿಂದ ಪಿಳ್ಳಪ್ಪನ ಶೆಡ್ಡಿನಲ್ಲಿ
ಅದರ ಎದುರೇ ಕೂತವಳು ನಾನು.
ಗುದ್ದಿದರೆ ಜಗ್ಗಲ್ಲ, ಹರಿದರೆ ನೂಲು ಹಾಳು.
ಶಾಖ ಕೊಡು, ತಾನೇ ಸಡಿಲವಾಗತ್ತೆ.
‘ಬೆಂಕಿಕೊಳವೆ ತಂದಿದ್ದೀಯಾ?’
ಇಲ್ಲ. ಮೂರು ಮನೆ ಹಿಡಿಯತ್ತೆ ಅಂತ
ಮೇಲಿನ ಕೋಣೆಯ ಸಂದೂಕದಲ್ಲಿ ಬಿಟ್ಟು ಬಂದಿದ್ದ.
ಮತ್ತೆ ಹತ್ತಿದೆವು. ಸೊಪ್ಪು ಇಟ್ಟೆವು, ಕೀಲಿಕೈ ಇಟ್ಟೆವು,
ದೊಡ್ಡಪ್ಪನನ್ನೂ ಕೊನೆಗೆ ಎಬ್ಬಿಸಿ ಒಳಗಿಟ್ಟೆವು.
ಇಳಿದೆವು.

ಸುಟ್ಟೆ. ಜಾಯ್‌ಸ್ಟಿಕ್ ನನ್ನ ಕೈಲಿತ್ತು,
ದಿನವಿಡೀ ನೀರಲ್ಲಿ ನೆನೆದು ಬೆಳ್ಳಗೆ ಮುದುರಿದ ಬೆರಳು.
ಎಳೆ ಕರಗಿ ಒಳಗಿನದು ಕಾಣಿಸಿತು, ಬಾಯಿ ತೆರೆಯಿತು,
ಕೂಗಿತು.

ಅಮ್ಮ ಏಳುತ್ತಾಳೆಂದು ಲೋಹಿತ ಸದ್ದು ಇಳಿಸಿದ.
ಇಳಿಸಿದಮೇಲೂ ಸಣ್ಣಗೆ ಕೂಗುತ್ತಲೇ ಇತ್ತು.
ದಿನಕ್ಕೆ ಹತ್ತು ಕೆಜಿ ಗೂಡು ಬೇಯಿಸುತ್ತೇನೆ,
ಒಂಬತ್ತು ವರ್ಷ.
ಒಂದೂ ಕೂಗಿದ್ದು ನೆನಪಿಲ್ಲ.

ಆಗ ಕರೆಂಟು ಹೋಯಿತು.
‘ಸೇವ್ ಮಾಡಿದ್ಯಾ?’
‘ನೀನು ಮಾಡಿದ್ಯಾ?’
ಕತ್ತಲಲ್ಲಿ ಅವನು ಚಾಪೆಯ ಮೇಲೆ ಜರುಗಿ ಹತ್ತಿರ ಬಂದ,
ಬಂದದ್ದು ಗೊತ್ತಾಗದ ಹಾಗೆ.
ರಸ್ತೆಯಲ್ಲಿ ನಾಯಿ. ನನ್ನ ಕೈಯಿಂದ ಬೆಂದ ಹುಳದ ವಾಸನೆ,
ಸೀಗೆಪುಡಿ ಹಾಕಿ ಉಜ್ಜಿದರೂ ಹೋಗದ್ದು.
‘ಅಕ್ಕ, ಪಿಸ್ತೂಲಲ್ಲಿ ಎಷ್ಟು ಉಳಿದಿತ್ತು?’
‘ಏಳು.’
‘ಏಳು ಇತ್ತಲ್ಲ’ ಅಂದ, ದುಃಖದಿಂದ.
ಹಾಗೇ ನಿದ್ದೆ ಹೋದ.

ಎರಡೂವರೆಗೆ ಬೆಳಕು ಬಂತು.
ಮತ್ತೆ ಮೊದಲನೇ ಮನೆ. ಅರ್ಧ ಹೆಚ್ಚಿದ ಈರುಳ್ಳಿ, ಚಾಕು.
ಎತ್ತಿಕೊಳ್ಳದೆ ಮೇಜಿನ ಮುಂದೆ ನಿಂತೆ ಸ್ವಲ್ಪ ಹೊತ್ತು.
ಆಟದೊಳಗಿನ ಹೆಂಗಸು ಉಸಿರಾಡುತ್ತಾಳೆ,
ಭುಜ ಏರುತ್ತದೆ, ಇಳಿಯುತ್ತದೆ.
ಸುಮ್ಮನೆ ನಿಂತರೆ ಆ ಮನೆಗೆ ಯಾರೂ ಬರುವುದಿಲ್ಲ.
ಆರಕ್ಕೆ ನಾನು ಒಲೆ ಹಚ್ಚಬೇಕು.